ಮೊದಲು ಕೇಳಿಸಿಕೊಳ್ಳಿ, ಆಮೇಲೆ ಮಾತಾಡಿ: ಶಾಲೆಯ ಮಾಳಿಗೆಯಿಂದ ಬಾಹ್ಯಾಕಾಶ ನಿಲ್ದಾಣಕ್ಕೆ

ಹತ್ತು ನಿಮಿಷ. ಶಾಲೆ ಮಕ್ಕಳಿಗೆ ಗಗನಯಾತ್ರಿ ರೇಡಿಯೊದಲ್ಲಿ ಸಿಗುವುದು ಅಷ್ಟೇ ಹೊತ್ತು. ಜಿಪುಣತನ ಅಂದ್ಕೋಬೇಡಿ, ಅಷ್ಟರೊಳಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಆಕಾಶವನ್ನೇ ದಾಟಿ ಹೋಗಿರುತ್ತದೆ. ಸುಮಾರು 400 ಕಿ.ಮೀ. ಎತ್ತರ, ಗಂಟೆಗೆ ಹತ್ತಿರಹತ್ತಿರ 28,000 ಕಿ.ಮೀ. ವೇಗ. ಕಲಬುರಗಿಯಿಂದ ಬೆಂಗಳೂರಿಗೆ ಹೋಗೋಕೆ ನಮಗೆ ಒಂದು ರಾತ್ರಿ ಬೇಕು, ಅದಕ್ಕೆ ಒಂದು ನಿಮಿಷದ ಮೇಲೆ ಸ್ವಲ್ಪ ಸಾಕು.

2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಲ್ಲಿಂದಲೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರು. ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊ ನಡೆಸುವವರು. ಮರುದಿನ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಆಗಲಿಲ್ಲ. "ಸರ್, ನಾವೂ ಮಾತಾಡಬಹುದೇನ್ರಿ?" ಅನ್ನೋದೊಂದೇ ಪ್ರಶ್ನೆ. ಸೇಡಂ ಕಡೆಯ ಹಳ್ಳಿ ಶಾಲೆ, ಲ್ಯಾಬಿನಲ್ಲಿ ಎರಡು ಮಲ್ಟಿಮೀಟರ್, ಅದರಲ್ಲಿ ಒಂದು ಕೆಟ್ಟಿದೆ. ಆದರೂ ಮಾತಾಡಬಹುದು ಅಂದೆ. ಸುಳ್ಳು ಹೇಳಲಿಲ್ಲ. ಆಮೇಲೆ ಅದಕ್ಕೆ ಏನೇನು ಬೇಕು ಅಂತ ಹುಡುಕಿಕೊಂಡು ಕೂತಾಗ ಗೊತ್ತಾಗಿದ್ದು, ಮಾಡಿ ನೋಡಿದ್ದು, ಕೆಡಿಸಿಕೊಂಡಿದ್ದು ಎಲ್ಲ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಮೇಷ್ಟ್ರುಗಳಿಗೆ ನಾನು ಕಳೆದಷ್ಟು ಟೈಮ್ ಹೋಗದೇ ಇರಲಿ.

ಈ ಕೆಲಸ ಮಾಡಿಸುವ ಕೂಟದ ಹೆಸರು ಆರಿಸ್. ಬಾಹ್ಯಾಕಾಶ ನಿಲ್ದಾಣದಲ್ಲಿ ಹವ್ಯಾಸಿ ರೇಡಿಯೊ ಅಂತ ಅದರ ಅರ್ಥ. ಬೇರೆ ಬೇರೆ ದೇಶದ ಹ್ಯಾಮ್‌ಗಳು, ಬಾಹ್ಯಾಕಾಶ ಸಂಸ್ಥೆಗಳು ಸೇರಿ ನಡೆಸುತ್ತವೆ. ನಿಲ್ದಾಣದಿಂದ ಮೊದಲ ಶಾಲೆ ಮಾತುಕತೆ ನಡೆದದ್ದು 2000ದ ಡಿಸೆಂಬರ್ 21ರಂದು, ಷಿಕಾಗೋ ಹತ್ತಿರದ ಒಂದು ಶಾಲೆಯ ಜೊತೆ. ಅಲ್ಲಿಂದ ಇಲ್ಲಿಗೆ ಸಾವಿರಕ್ಕೂ ಹೆಚ್ಚು ಆಗಿವೆ. ಶಾಲೆಯಿಂದ ಫೀಸು ತಗೊಳ್ಳುವುದಿಲ್ಲ. ಗಗನಯಾತ್ರಿಗಳಲ್ಲಿ ಎಷ್ಟೋ ಜನ ಸ್ವತಃ ಲೈಸೆನ್ಸ್ ಇರುವ ಹ್ಯಾಮ್‌ಗಳು. ನಮ್ಮ ಕಲ್ಪನಾ ಚಾವ್ಲಾ ಅವರಿಗೂ ಇತ್ತು, ರೇಡಿಯೊದಲ್ಲಿ ಕರೆಯುವ ಗುರುತಿನ ಹೆಸರು, ಅಂದರೆ ಅವರ ಕಾಲ್‌ಸೈನ್ ಕೆಡಿ5ಇಎಸ್‌ಐ. ಸುನಿತಾ ವಿಲಿಯಮ್ಸ್ ಅವರದು ಕೆಡಿ5ಪಿಎಲ್‌ಬಿ.

ಎಲ್ಲರೂ ನೇರ ಅರ್ಜಿಗೆ ಕೈ ಹಾಕುತ್ತಾರೆ. ನನ್ನ ಮಾತು ಕೇಳಿ, ಮೊದಲು ಒಂದಾರು ತಿಂಗಳು ಕೇಳಿಸಿಕೊಳ್ಳಿ. ಅರ್ಜಿಯಲ್ಲಿ ನಿಮ್ಮ ಶಾಲೆ ಇದರಿಂದ ಏನು ಕಲಿಸುತ್ತದೆ ಅಂತ ಬರೆಯಬೇಕಾಗುತ್ತದೆ. ಮಕ್ಕಳು ತಾವೇ ಆಂಟೆನಾ ಕಟ್ಟಿ ನಿಲ್ದಾಣದ ಸದ್ದು ಹಿಡಿದಿದ್ದರೆ ಬರೆಯೋಕೆ ವಿಷಯ ತಾನಾಗಿ ಇರುತ್ತದೆ, ಇಲ್ಲದಿದ್ದರೆ ಸುಮ್ನೆ ದೊಡ್ಡ ಮಾತು ಬರೆದು ಕಳಿಸುತ್ತೇವೆ, ಅಷ್ಟೇ.

ಕೇಳಬೇಕಾದ ಜಾಗ 145.800 ಮೆಗಾಹರ್ಟ್ಸ್, ಎಫ್‌ಎಂ. ಇದೊಂದು ನಂಬರ್ ಬೋರ್ಡ್ ಮೇಲೆ ಬರೆದಿಡಿ. ಆದರೆ ನಮ್ಮ ಮನೆ ರೇಡಿಯೊದ ಎಫ್‌ಎಂ 108ಕ್ಕೇ ಮುಗಿಯುತ್ತದೆ, ಅದರಲ್ಲಿ ಬರೋದಿಲ್ಲ. ಗಗನಯಾತ್ರಿ ಕೆಳಗೆ ಮಾತಾಡುವುದು ಈ ಫ್ರೀಕ್ವೆನ್ಸಿಯಲ್ಲಿ, ಮಕ್ಕಳು ಮೇಲಕ್ಕೆ ಮಾತಾಡುವುದು ಬೇರೆಯದರಲ್ಲಿ. ಹಾಗಾಗಿ ಬೇರೆ ಊರಿನ ಶಾಲೆ ಮಾತಾಡುತ್ತಿದ್ದರೆ ನಿಮಗೆ ಮೇಲಿನವರ ಉತ್ತರ ಮಾತ್ರ ಕೇಳಿಸುತ್ತದೆ, ಪ್ರಶ್ನೆ ಕೇಳಿಸೋದಿಲ್ಲ. ಪ್ರಶ್ನೆ ಏನಿರಬಹುದು ಅಂತ ಊಹಿಸೋದು ಮಕ್ಕಳಿಗೆ ಒಳ್ಳೆ ಆಟ.

ನಿಲ್ದಾಣ ನಮ್ಮ ತಲೆ ಮೇಲೇ ಇರಬೇಕು ಅಂತೇನಿಲ್ಲ. ಅದು ದೆಹಲಿ ಮೇಲಿದ್ದರೂ ಶ್ರೀಲಂಕಾ ಮೇಲಿದ್ದರೂ ಕಲಬುರಗಿಯ ಆಂಟೆನಾಕ್ಕೆ ಅದು ದಿಗಂತದ ಮೇಲೇ. ಬೆಂಗಳೂರಿನಿಂದ ಯಾರಾದರೂ ನೇರವಾಗಿ ಮಾತಾಡಿದರೆ ನಮ್ಮ ಹಳ್ಳಿಯಲ್ಲೂ ಉತ್ತರ ಹಿಡಿಯಬಹುದು. ಈ ಒಂದು ವಿಷಯದಲ್ಲಿ ನಮ್ಮ ಕಡೆಯ ನೆಲ ವರ. ಗುಡ್ಡ ಇಲ್ಲ, ಎತ್ತರದ ಕಟ್ಟಡ ಇಲ್ಲ, ಕಣ್ಣು ಹಾಯುವಷ್ಟು ದೂರ ಕರಿ ಭೂಮಿ, ತೊಗರಿ ಹೊಲ. ಯಾದಗಿರಿಯವರು ಕೋಟೆ ಬೆಟ್ಟ ಹತ್ತಬೇಕಾ ಅಂತ ಕೇಳಬಹುದು. ಬೇಡ. ಸಿಗ್ನಲ್ ಮೇಲಿಂದ ಬರುತ್ತದೆ, ಸುತ್ತ ಬಯಲಿರುವ ಶಾಲೆ ಮಾಳಿಗೆ ಸಾಕು.

ಯಾವಾಗ ಬರುತ್ತದೆ ಅಂತ ತಿಳಿಯೋಕೆ ಹೆವೆನ್ಸ್ ಅಬೋವ್, ಎನ್2ವೈಒ ಅಂತ ವೆಬ್‌ಸೈಟ್‌ಗಳಿವೆ. ಊರು ಹಾಕಿ. ಸೇಡಂ ಸಿಗದಿದ್ದರೆ ಕಲಬುರಗಿ ಹಾಕಿ, ಏನೂ ವ್ಯತ್ಯಾಸ ಬೀಳೋದಿಲ್ಲ. ನಿಲ್ದಾಣ ಒಂದು ಸುತ್ತು ಹಾಕೋಕೆ ಸುಮಾರು 90 ನಿಮಿಷ ತಗೊಳ್ಳುತ್ತದೆ, ದಿನಕ್ಕೆ ಹದಿನಾರು ಸುತ್ತು ಅಂದುಕೊಳ್ಳಿ, ಅದರಲ್ಲಿ ನಮ್ಮ ಆಕಾಶಕ್ಕೆ ಬರುವುದು ಕೆಲವೇ ಸಲ. ಈ ಒಂದೊಂದು ಹಾಯುವಿಕೆಗೆ ಪಾಸ್ ಅಂತಾರೆ. ದಿಗಂತದಿಂದ ಎತ್ತರ 30 ಡಿಗ್ರಿಗಿಂತ ಜಾಸ್ತಿ ಇರುವ ಪಾಸ್ ಆರಿಸಿಕೊಳ್ಳಿ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಕೆಲವು ಆ್ಯಪ್‌ಗಳು ಕಣ್ಣಿಗೆ ಕಾಣುವ ಪಾಸ್ ಮಾತ್ರ ತೋರಿಸುತ್ತವೆ, ಅಂದರೆ ಬೆಳಗಿನ ಜಾವದ್ದು, ಸಂಜೆಯದ್ದು. ರೇಡಿಯೊಗೆ ಬೆಳಕು ಕತ್ತಲೆ ಇಲ್ಲ, ನಡುಮಧ್ಯಾಹ್ನ ಬಂದರೂ ಕೇಳುತ್ತದೆ. ಸೆಟಿಂಗ್‌ನಲ್ಲಿ ಎಲ್ಲಾ ಪಾಸ್ ಅಂತ ಮಾಡಿಕೊಳ್ಳಿ. ಎರಡನೆಯದು ಟೈಮ್. ನಮ್ಮ ಮೊದಲ ಪ್ರಯತ್ನದಲ್ಲಿ ನಲವತ್ತು ಮಕ್ಕಳು ಮಧ್ಯಾಹ್ನದ ಬಿಸಿಲಲ್ಲಿ ಮಾಳಿಗೆ ಹತ್ತಿ, ಪರಸಿ ಕಲ್ಲು ಕಾದು ಕಾಲು ಸುಟ್ಟುಕೊಳ್ಳುತ್ತಾ ಕಾಲು ಗಂಟೆ ನಿಂತರು. ಏನೂ ಬರಲಿಲ್ಲ. ನಾನು ನೋಡಿದ್ದ ಟೈಮ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ್ದು, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕಿತ್ತು. ಗಣಿತದ ಮೇಡಂ ಇವತ್ತಿಗೂ ನನ್ನ ನೋಡಿದರೆ "ಐದೂವರೆ ಗಂಟೆ ಸರ್" ಅಂತ ನಗ್ತಾರೆ.

ಇನ್ನು ಸಾಮಾನು. ಆನ್‌ಲೈನಲ್ಲಿ ಅಗ್ಗದ ವಾಕಿಟಾಕಿ ಸಿಗುತ್ತವೆ, ಅವು ಈ ಫ್ರೀಕ್ವೆನ್ಸಿ ಹಿಡಿಯುತ್ತವೆ ಕೂಡ. ಆದರೂ ಶಾಲೆಗೆ ಅವನ್ನು ತರಬೇಡಿ. ಅದರಲ್ಲಿ ಮಾತಾಡುವ ಬಟನ್ ಇದೆ, ಲೈಸೆನ್ಸ್ ಇಲ್ಲದೆ ಅದನ್ನು ಒತ್ತುವುದು ಅಪರಾಧ, ಹುಡುಗರ ಕೈಯಲ್ಲಿ ಬಟನ್ ಕೊಟ್ಟು ಒತ್ತಬೇಡ ಅಂದರೆ ಏನಾಗುತ್ತದೆ ನಿಮಗೇ ಗೊತ್ತು. ಅದರ ಬದಲು ಆರ್‌ಟಿಎಲ್-ಎಸ್‌ಡಿಆರ್ ಅಂತ ಒಂದು ಡಾಂಗಲ್ ತಗೊಳ್ಳಿ. ಪೆನ್‌ಡ್ರೈವ್‌ನಷ್ಟೇ ದೊಡ್ಡದು, ಲ್ಯಾಪ್‌ಟಾಪಿಗೆ ಚುಚ್ಚಿದರೆ ರೇಡಿಯೊ ಆಗುತ್ತದೆ. ಕೇಳೋಕೆ ಮಾತ್ರ ಬರುತ್ತದೆ, ಕಳಿಸೋಕೆ ಬರೋದೇ ಇಲ್ಲ. ವಿಂಡೋಸ್‌ನಲ್ಲಿ ಎಸ್‌ಡಿಆರ್ ಶಾರ್ಪ್ ಸಾಫ್ಟ್‌ವೇರ್ ಸಾಕು. ಮೋಡ್ ಅನ್ನು ಎನ್‌ಎಫ್‌ಎಂ ಅಂತ ಇಡಿ. ಡಬ್ಲ್ಯುಎಫ್‌ಎಂ ಅಂತ ಬಿಟ್ಟರೆ ಮಾತು ಸಣ್ಣಗೆ, ಗೊರಗೊರ ಸದ್ದಿನೊಳಗೆ ಮುಳುಗಿ ಬರುತ್ತದೆ.

ಆಂಟೆನಾ ಮಾತ್ರ ಕೊಂಡು ತರಬೇಡಿ, ಕಟ್ಟಿ. ಇಡೀ ಕೆಲಸದಲ್ಲಿ ಮಕ್ಕಳಿಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಬೇಕಾಗಿದ್ದು ಗೌಂಡಿಗಳು ಇಟ್ಟುಕೊಳ್ಳುವ ಸ್ಟೀಲ್ ಟೇಪು ಒಂದು, ಅಗಲ ಪಟ್ಟಿಯದ್ದಾದರೆ ಒಳ್ಳೆಯದು. ಒಂದು ಮೀಟರ್ ಪಿವಿಸಿ ಪೈಪು, ಎರಡು ಕ್ರಾಸ್ ಜಾಯಿಂಟು, ಒಂದು ಟೀ, ಪಂಪ್‌ಸೆಟ್ ಪೈಪಿಗೆ ಬಿಗಿಯುವ ಹೋಸ್ ಕ್ಲಿಪ್ಪು ಆರು, ಮತ್ತೆ ಟಿವಿ ಕೇಬಲ್. ಟೇಪಿನಿಂದ 105 ಸೆಂ.ಮೀ. ಒಂದು ತುಂಡು, 89 ಸೆಂ.ಮೀ. ಒಂದು, 45 ಸೆಂ.ಮೀ. ಎರಡು ಕತ್ತರಿಸಿ. 105ರದ್ದು ಹಿಂದೆ ಟೀ ಮೇಲೆ, 89ರದ್ದು ಮುಂದೆ, 45ರ ಎರಡು ತುಂಡುಗಳು ನಡುವೆ, ಒಂದಕ್ಕೊಂದು ತಾಗದ ಹಾಗೆ ಎರಡೂವರೆ ಸೆಂ.ಮೀ. ಸಂದು ಬಿಟ್ಟು. ಹಿಂದಿನದಕ್ಕೂ ನಡುವಿನದಕ್ಕೂ 20 ಸೆಂ.ಮೀ., ನಡುವಿನದಕ್ಕೂ ಮುಂದಿನದಕ್ಕೂ 32 ಸೆಂ.ಮೀ. ದೂರ. ಕೇಬಲ್ಲಿನ ಒಳಗಿನ ತಂತಿ ನಡುವಿನ ಒಂದು ತುಂಡಿಗೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಹನ್ನೆರಡೂವರೆ ಸೆಂ.ಮೀ. ತಂತಿಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಆ ಎರಡು ತುಂಡುಗಳ ನಡುವೆ ಬೆಸೆಯಿರಿ. ಮುಗೀತು, ಮೂರು ಕಡ್ಡಿಯ ಯಾಗಿ ಆಂಟೆನಾ.

ಬೆಸುಗೆಯಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಟೇಪಿನ ಮೇಲೆ ಹಳದಿ ಬಣ್ಣ ಇರುತ್ತದೆ ಅಲ್ವಾ, ಅದರ ಮೇಲೆ ಸೋಲ್ಡರ್ ಮಣಿಯಾಗಿ ಉರುಳಿ ಬೀಳುತ್ತದೆ, ಹಿಡಿಯೋದಿಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ಊಟದ ಬಿಡುವಿನಲ್ಲಿ ಒಂದು ಮೂಲೆಗೆ ಕೂತು ಪಾಲಿಶ್ ಪೇಪರಿನಿಂದ ಆ ತುದಿಯನ್ನು ತಿಕ್ಕೀ ತಿಕ್ಕೀ, 1, 2, 3 ಅನ್ನುವ ಅಂಕಿಗಳು ಹೋಗಿ ಒಳಗಿನ ಬಿಳಿ ಉಕ್ಕು ಹೊಳೆಯುವವರೆಗೂ ಬಿಡಲಿಲ್ಲ. ಆಮೇಲೆ ಫ್ಲಕ್ಸ್ ಹಚ್ಚಿ ಕಾಯಿಸಿದರೆ ಸೋಲ್ಡರ್ ತುಪ್ಪದ ಹಾಗೆ ಹರಡಿಕೊಂಡಿತು. ಟೇಪಿನ ಅಂಚು ಬ್ಲೇಡಿನಷ್ಟು ಚೂಪು, ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತೋದು ಮರೆಯಬೇಡಿ.

ಪಾಸಿನ ದಿನ ಮಾಳಿಗೆಗೆ ಹದಿನೈದು ನಿಮಿಷ ಮೊದಲೇ ಹತ್ತಿ. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ, ಚಾರ್ಜರ್ ಕಿತ್ತುಬಿಡಿ. ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್ ಇವೆಲ್ಲ ಗುಂಯ್ ಅನ್ನೋ ಗದ್ದಲ ಮಾಡುತ್ತವೆ. ಕರೆಂಟ್ ಹೋದರೆ ಅವತ್ತು ಬೈಕೋಬೇಡಿ, ಆಕಾಶ ಇನ್ನೂ ಸ್ವಚ್ಛವಾಗಿ ಕೇಳುತ್ತದೆ. ಬಿಸಿಲಲ್ಲಿ ಸ್ಕ್ರೀನ್ ಕಾಣೋದಿಲ್ಲ, ಒಂದು ಖಾಲಿ ರಟ್ಟಿನ ಡಬ್ಬ ಮಗ್ಗುಲು ಮಲಗಿಸಿ ಅದರೊಳಗೆ ಲ್ಯಾಪ್‌ಟಾಪ್ ಇಡಿ. ಒಬ್ಬರು ಆಂಟೆನಾ ಹಿಡಿಯಲಿ, ಒಬ್ಬರು ಮೊಬೈಲ್ ನೋಡಿಕೊಂಡು ದಿಕ್ಕು ಕೂಗಲಿ. ಸದ್ದು ಸಣ್ಣಗಾದರೆ ಆಂಟೆನಾವನ್ನು ಕೀಲಿ ತಿರುಗಿಸಿದ ಹಾಗೆ ಮುಂಗೈಯಲ್ಲೇ ತಿರುಗಿಸಬೇಕು, ಕಡ್ಡಿಗಳು ಅಡ್ಡ ಇದ್ದದ್ದು ಉದ್ದ ಆದಾಗ ಒಮ್ಮೆಲೇ ಜೋರಾಗುತ್ತದೆ.

ಇನ್ನೊಂದು ತಮಾಷೆ ಕಾಣುತ್ತದೆ. ಎದುರಿಂದ ಬರುವ ಬಸ್ಸಿನ ಹಾರ್ನ್ ನಮ್ಮನ್ನು ದಾಟುತ್ತಿದ್ದಂತೆ ಇಳಿದ ಸ್ವರಕ್ಕೆ ಬೀಳುತ್ತದಲ್ಲ, ಇಲ್ಲೂ ಅದೇ. ನಿಲ್ದಾಣ ಮೇಲೇರಿ ಬರುವಾಗ ಸಿಗ್ನಲ್ ಸುಮಾರು ಮೂರೂವರೆ ಕಿಲೋಹರ್ಟ್ಸ್ ಮೇಲಿರುತ್ತದೆ, ಹೋಗುವಾಗ ಅಷ್ಟೇ ಕೆಳಗೆ. ಲ್ಯಾಪ್‌ಟಾಪಿನಲ್ಲಿ ಆ ಗೆರೆ ಮೆಲ್ಲಗೆ ಓರೆಯಾಗಿ ಜಾರುವುದು ಕಣ್ಣಿಗೇ ಕಾಣುತ್ತದೆ. ಡಾಪ್ಲರ್ ಪರಿಣಾಮವನ್ನು ನಾನು ಹನ್ನೊಂದು ವರ್ಷ ಬೋರ್ಡ್ ಮೇಲೆ ಕಲಿಸಿದ್ದೆ, ನೋಡಿದ್ದು ಅವತ್ತೇ.

ದಿನಾ ಮಾತು ಕೇಳಿಸೋದಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಗಗನಯಾತ್ರಿಗಳು ಮಾತಾಡೋದು ಶಾಲೆಗಳಿಗೆ ಗೊತ್ತು ಮಾಡಿದ ಹೊತ್ತಿನಲ್ಲಿ, ಇಲ್ಲಾ ಬಿಡುವಿದ್ದು ಮನಸ್ಸು ಬಂದಾಗ. 145.800 ಸುಮ್ಮನಿದ್ದರೆ 437.800ಕ್ಕೆ ಹೋಗಿ. ನಿಲ್ದಾಣದಲ್ಲಿ ಒಂದು ರಿಪೀಟರ್ ಇದೆ, ನೆಲದ ಮೇಲಿನ ಹ್ಯಾಮ್‌ಗಳು ಅದರ ಮೂಲಕ ಒಬ್ಬರಿಗೊಬ್ಬರು ಮಾತಾಡಿದ್ದು ಅಲ್ಲಿ ಕೇಳಿಸುತ್ತದೆ. 437 ಅಂದರೆ 145ರ ಸುಮಾರು ಮೂರು ಪಟ್ಟು, ಹಾಗಾಗಿ ನಮ್ಮ ಟೇಪಿನ ಆಂಟೆನಾ ಅಲ್ಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಜಾರುವುದು ಮಾತ್ರ ಅಲ್ಲಿ ಹತ್ತು ಕಿಲೋಹರ್ಟ್ಸ್ ತನಕ ಹೋಗುತ್ತದೆ, ಮೌಸ್ ಹಿಡಿದುಕೊಂಡೇ ಕೂರಬೇಕು. ನಮಗೆ ಮೊದಲು ಸಿಕ್ಕಿದ್ದು ಇದೇ. ಬರೀ ಹಿಸ್ಸ್ ಅನ್ನುತ್ತಿದ್ದದ್ದು ಒಮ್ಮೆಲೇ ಸುಮ್ಮನಾಯಿತು. "ಸರ್, ಯಾರೋ ಮಾತಾಡ್ಲತ್ತಾರ್ರಿ!" ಅಂತ ಆಂಟೆನಾ ಹಿಡಿದವನೇ ಕೂಗಿ, ಕೂಗುವ ಭರದಲ್ಲಿ ಆಂಟೆನಾ ಕೆಳಗಿಳಿಸಿಬಿಟ್ಟ. ಮಾತೂ ಹೋಯ್ತು. ಉಳಿದವರು ಅವನಿಗೆ ಅಂದಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ವರ್ಷಕ್ಕೆ ಕೆಲವು ಸಲ ನಿಲ್ದಾಣದಿಂದ ಚಿತ್ರ ಕಳಿಸುತ್ತಾರೆ, ಎಸ್‌ಎಸ್‌ಟಿವಿ ಅಂತ. ಅದೂ ಹೆಚ್ಚಾಗಿ 145.800ರಲ್ಲೇ. ಕೀಚ್ ಕೀಚ್ ಅಂತ ಎರಡು ನಿಮಿಷ ಸದ್ದು ಬರುತ್ತದೆ, ಮೊಬೈಲಿನಲ್ಲಿ ರೋಬೋಟ್ 36 ಆ್ಯಪ್ ತೆರೆದು ಸ್ಪೀಕರ್ ಹತ್ತಿರ ಹಿಡಿದರೆ ಆ ಸದ್ದೇ ಗೆರೆ ಗೆರೆಯಾಗಿ ಮೇಲಿಂದ ಕೆಳಗೆ ಚಿತ್ರವಾಗುತ್ತದೆ. ಹಳ್ಳಿ ಶಾಲೆಗೆ ಇದಕ್ಕಿಂತ ಒಳ್ಳೆ ಕಾರ್ಯಕ್ರಮ ನನಗೆ ಗೊತ್ತಿಲ್ಲ. ಅಪ್ಪ ಅಮ್ಮಂದಿರನ್ನೂ ಕರೆಯಿರಿ.

ಈಗ ಮಾತಿನ ವಿಷಯಕ್ಕೆ ಬರೋಣ. ಆರಿಸ್‌ನಲ್ಲಿ ಎರಡು ದಾರಿ. ನೇರ ಮಾತುಕತೆಗೆ ಶಾಲೆಯಲ್ಲೇ ಪೂರ್ತಿ ಸ್ಟೇಷನ್ ಬೇಕು. ಕಳಿಸುವ ರೇಡಿಯೊ, ನಿಲ್ದಾಣದ ಜೊತೆ ತಾನೇ ತಿರುಗುವ ದೊಡ್ಡ ಆಂಟೆನಾ, ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು ಸೆಟ್ಟು, ಅದನ್ನು ನಡೆಸುವ ಅನುಭವಿ ಹ್ಯಾಮ್‌ಗಳು. ಇನ್ನೊಂದು ಟೆಲಿಬ್ರಿಜ್. ಬೇರೆ ದೇಶದಲ್ಲಿರುವ ಆರಿಸ್ ಸ್ಟೇಷನ್ ನಿಲ್ದಾಣದ ಜೊತೆ ರೇಡಿಯೊದಲ್ಲಿ ಮಾತಾಡುತ್ತದೆ, ಅಲ್ಲಿಂದ ನಿಮ್ಮ ಶಾಲೆಗೆ ಫೋನ್ ಲೈನು. ಸೇಡಂ, ಔರಾದ, ಸುರಪುರದಂಥ ಕಡೆಗೆ ನಾನು ಟೆಲಿಬ್ರಿಜ್ಜೇ ಸರಿ ಅಂತೀನಿ. ಮರ್ಯಾದೆಗೆ ಕಮ್ಮಿ ಅಂತ ಕೆಲವರು ಮೂಗು ಮುರೀತಾರೆ, ಮುರಿಯಲಿ. ಮಗುವಿಗೆ ಉತ್ತರ ಬರೋದು ಅದೇ ನಿಲ್ದಾಣದಿಂದ. ಒಂದೇ ಕೊರತೆ ಅಂದರೆ, ಅವತ್ತು ನಿಲ್ದಾಣ ಆ ದೂರದ ಸ್ಟೇಷನ್ ಮೇಲಿರುತ್ತದೆ, ನಿಮ್ಮ ಟೇಪಿನ ಆಂಟೆನಾಕ್ಕೆ ಸಿಗೋದಿಲ್ಲ.

ಅರ್ಜಿ ಹಾಕಿದ ಕೂಡಲೇ ಏನೂ ಆಗೋದಿಲ್ಲ, ತಿಂಗಳುಗಟ್ಟಲೆ ಕಾಯಬೇಕು. ದಿನ ಗೊತ್ತಾಗುವುದೂ ಹತ್ತಿರ ಬಂದ ಮೇಲೆ, ಅದೂ ಬದಲಾಗಬಹುದು. ಹಾಗಾಗಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಆತುರ ಬೇಡ. ಹೊತ್ತಿನ ಅಂದಾಜು ಬೇಕಿದ್ದರೆ ಒಂದು ಗುಟ್ಟು. ನಿಲ್ದಾಣದ ಗಡಿಯಾರ ಯುಟಿಸಿಯದ್ದು, ಅವರ ಬೆಳಗಿನ ಆರು ಅಂದರೆ ನಮಗೆ ಹನ್ನೊಂದೂವರೆ. ಅವರು ಎದ್ದಿರುವಾಗಲೇ ಮಾತುಕತೆ, ಅಂದರೆ ನಮಗೆ ಮಧ್ಯಾಹ್ನ ಸಂಜೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಹ್ಯಾಮ್‌ಗಳ ಪರಿಚಯ ಹೇಗಿದ್ದರೂ ಬೇಕು. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಹೈದರಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊ. ಬೀದರ್‌ನವರಿಗೆ ಹೈದರಾಬಾದೇ ಹತ್ತಿರ. ಸಾಧ್ಯವಾದರೆ ಒಬ್ಬ ಮೇಷ್ಟ್ರು ಲೈಸೆನ್ಸ್ ಮಾಡಿಸಿಕೊಳ್ಳಿ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಪರೀಕ್ಷೆ ಬರೆಯಬಹುದು. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ, ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಅಂತ ಎರಡು ದರ್ಜೆ, ಪ್ರಶ್ನೆ ಬರೋದು ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳ ಮೇಲೆ. ಬೀದರ್‌ನವರಿಗೆ ಇನ್ನೊಂದು ಮಾತು, ನಿಮ್ಮಲ್ಲಿ ವಾಯುಪಡೆಯ ನೆಲೆ ಇದೆ. ಮಾಳಿಗೆ ಮೇಲೆ ಎತ್ತರದ ಕಂಬ ನಿಲ್ಲಿಸುವ ಮೊದಲು ಕೇಳಬೇಕಾದವರನ್ನು ಕೇಳಿ.

ಪ್ರಶ್ನೆಗಳ ಮೇಲೆ ಜಾಸ್ತಿ ದಿನ ಖರ್ಚು ಮಾಡಿ. ಲೆಕ್ಕ ಹೀಗೆ. 600 ಸೆಕೆಂಡ್ ಇದೆ. ಕೇಳೋಕೆ 10, ಉತ್ತರಕ್ಕೆ 25 ಅಂದರೂ ಹದಿನೇಳು ಪ್ರಶ್ನೆಗೆ ಮುಗೀತು. ಪ್ರಶ್ನೆ ಒಂದೇ ಉಸಿರಿನಲ್ಲಿ ಮುಗಿಯಬೇಕು. ಹೌದು ಇಲ್ಲ ಅಂತ ಉತ್ತರ ಬರುವಂಥದ್ದು ಬೇಡ, ಪುಸ್ತಕದಲ್ಲಿ ಸಿಗುವಂಥದ್ದು ಬೇಡ. ನಮ್ಮ ಮಕ್ಕಳು ಬರೆದ ಮೊದಲ ಪಟ್ಟಿಯಲ್ಲಿ "ಅಲ್ಲಿ ಏನು ಊಟ ಮಾಡ್ತೀರಿ" ಅಂತ ಇಪ್ಪತ್ತೆರಡು ಜನ ಬರೆದಿದ್ದರು. ಇಪ್ಪತ್ತಮೂರನೆಯವನು ಬರೆದದ್ದು, "ನಮ್ಮ ಕಡಕ್ ರೊಟ್ಟಿ ಅಲ್ಲಿ ಮುರಿದರೆ ಚೂರು ಎಲ್ಲಿಗೆ ಹೋಗುತ್ತವೆ?" ಅಂತ. ಇದು ಪ್ರಶ್ನೆ! ತೇಲುವ ಚೂರು ಕಣ್ಣಿಗೂ ಯಂತ್ರಕ್ಕೂ ಹೋಗಬಾರದು ಅಂತಲೇ ಅವರು ಬ್ರೆಡ್ ಬಿಟ್ಟು ಮೆತ್ತನೆಯ ಟಾರ್ಟಿಲ್ಲಾ ತಿನ್ನುತ್ತಾರೆ. ಕಲಬುರಗಿಯ ಹುಡುಗನಿಗೆ ಹೊಳೆಯುವ ಪ್ರಶ್ನೆ ಷಿಕಾಗೋ ಹುಡುಗನಿಗೆ ಹೊಳೆಯೋದಿಲ್ಲ. ಅಂಥವನ್ನೇ ಆರಿಸಿ.

ಇಂಗ್ಲಿಷ್ ಅಂದರೆ ನಮ್ಮ ಮಕ್ಕಳಿಗೆ ಅಂಜಿಕೆ. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಚಿಕ್ಕ ಇಂಗ್ಲಿಷ್ ಮಾಡಿ, ಬೇಕಿದ್ದರೆ ಅದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಡಿ. ಯಾರೂ ನಗೋದಿಲ್ಲ. ಉಚ್ಚಾರಣೆಗಿಂತ ನಿಧಾನ ಮುಖ್ಯ. ಮೈಕಿಗೆ ಬಾಯಿ ತಾಗಿಸಬಾರದು, ಒಂದು ಗೇಣು ದೂರ ಇರಲಿ. ಕೊನೆಗೆ "ಓವರ್" ಅನ್ನಲೇಬೇಕು, ಯಾಕೆಂದರೆ ಇಲ್ಲಿ ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡೋಕಾಗಲ್ಲ, ಓವರ್ ಬರೋ ತನಕ ಮೇಲಿನವರು ಕಾಯುತ್ತಲೇ ಇರುತ್ತಾರೆ. ನಾವು ವರಾಂಡದ ಈ ತುದಿ ಆ ತುದಿಗೆ ಮಕ್ಕಳನ್ನು ನಿಲ್ಲಿಸಿ, ಓವರ್ ಅನ್ನದವರು ಸಾಲಿನ ಕೊನೆಗೆ ಹೋಗಬೇಕು ಅಂತ ಆಟ ಮಾಡಿದೆವು. ಒಂದು ವಾರದಲ್ಲಿ ಊಟದ ಸಾಲಿನಲ್ಲೂ "ಅಕ್ಕಾ, ಸಾರು ಹಾಕ್ರಿ, ಓವರ್" ಶುರುವಾಯಿತು.

ಮಾತುಕತೆ ಶುರುವಾಗೋದು ಕರೆಯಿಂದ. ನಿಲ್ದಾಣದ ಕಾಲ್‌ಸೈನ್ ಎನ್‌ಎ1ಎಸ್‌ಎಸ್. "ನವೆಂಬರ್ ಆಲ್ಫಾ ಒನ್ ಸಿಯೆರಾ ಸಿಯೆರಾ" ಅಂತ ಸ್ಟೇಷನ್‌ನವರು ಕರೀತಾರೆ. ಒಂದೇ ಸಲಕ್ಕೆ ಉತ್ತರ ಬರದೇ ಇರಬಹುದು, ಆ ಅರ್ಧ ನಿಮಿಷ ಸಭೆಯಲ್ಲಿ ಯಾರೂ ಗುಸುಗುಸು ಅನ್ನದ ಹಾಗೆ ನೋಡಿಕೊಳ್ಳಿ. ಫ್ಯಾನ್ ಆಫ್ ಮಾಡಿಸಿ, ಮೈಕಿನಲ್ಲಿ ಅದರ ಗಾಳಿ ಸದ್ದೇ ದೊಡ್ಡದಾಗುತ್ತದೆ. ಸಾಲಿನಲ್ಲಿ ಸಣ್ಣ ಮಕ್ಕಳು ಮೊದಲು, ದೊಡ್ಡವರು ಕೊನೆಗೆ. ಕೊನೆಯ ಇಬ್ಬರು ಮೂವರ ಸರದಿ ಬರುವಷ್ಟರಲ್ಲಿ ನಿಲ್ದಾಣ ಮುಳುಗಿರುತ್ತದೆ, ದೊಡ್ಡವರಾದರೆ ಅದನ್ನು ತಡ್ಕೋತಾರೆ. ಆ ಜಾಗಕ್ಕೆ ಯಾರು ಅಂತ ಮೊದಲೇ ಕೇಳಿ ಒಪ್ಪಿಸಿ.

ಹಾಂ, ಮರೆತಿದ್ದೆ. ಕೇಳಿಸಿಕೊಳ್ಳೋಕೇ ಆಗಲಿ, ಮಾತಾಡೋಕೇ ಆಗಲಿ, ಮಾಳಿಗೆಯ ಕೀಲಿ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ತಿಳಿದುಕೊಳ್ಳಿ. 78 ಡಿಗ್ರಿಯ ಒಳ್ಳೇ ಪಾಸ್ ಒಂದಿತ್ತು, ನಮ್ಮ ಕೀಲಿ ಪ್ಯೂನ್ ಜೇಬಿನಲ್ಲಿತ್ತು, ಪ್ಯೂನ್ ಸಂತೆಯಲ್ಲಿದ್ದರು.